ಮೈತುಂಬಾ ವೈರಸ್ ಇದ್ದರೂ ಆ ಮಂಗಕ್ಕೆ ಏಡ್ಸ್ ಬರಲ್ಲ, ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಚಳಿಗಾಲ ಮುಗಿಯುತ್ತಾ ಬಂತೆಂದರೆ ಎಲ್ಲಿ ಮಂಗನ ಕಾಯಿಲೆಯಿಂದ ಮಂಗ ಸತ್ತು ಬಿದ್ದಿದೆಯೋ ಅನ್ನುವ ಭಯ ಶುರು. ಬಯೋಟೆಕ್ನಾಲಜಿ ಓದುತ್ತಿರುವ ಮಗಳು ಮೊನ್ನೆ ಹೇಳಿದಳು, ಆಫ್ರಿಕಾದ ಒಂದು ಜಾತಿಯ ಮಂಗಗಳಿಗೆ ಎಚ್‌ಐವಿಯಂಥದ್ದೇ ವೈರಸ್ ಇದೆಯಂತೆ, ಆದರೂ ಅವಕ್ಕೆ ಏಡ್ಸ್ ಬರುವುದಿಲ್ಲವಂತೆ. ಇದು ನಿಜವಾ? ನಿಜವಾದರೆ ಆ ಶಕ್ತಿಯನ್ನು ಮನುಷ್ಯರಿಗೆ ಕೊಡೋಕೆ ಆಗಲ್ವಾ? ನಮ್ಮ ಕಾಡಿನ ಮಂಗಗಳು ಮಾತ್ರ ಯಾಕೆ ಹೀಗೆ ಸಾಯುತ್ತವೆ? ಮಂಗ ಕಚ್ಚಿದರೆ ನಮಗೂ ಏಡ್ಸ್ ಬರುತ್ತದಾ?

ಉತ್ತರ: ಮಗಳು ಹೇಳಿದ್ದು ನಿಜ. ಆದರೆ ನೀವು ಕೇಳಿದ ‘ಶಕ್ತಿ’ ಅನ್ನುವ ಮಾತಿನಲ್ಲೇ ಸ್ವಲ್ಪ ಎಡವಟ್ಟಿದೆ. ಆ ಮಂಗಕ್ಕೆ ನಮಗಿಂತ ಜಾಸ್ತಿ ಶಕ್ತಿ ಇದೆ, ಅದು ವೈರಸ್ಸನ್ನು ಹೊಡೆದು ಹಾಕುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ನಾನೂ ವಿದ್ಯಾರ್ಥಿಯಾಗಿದ್ದಾಗ ಹಾಗೇ ಅಂದುಕೊಂಡಿದ್ದೆ. ಅಲ್ಲಿ ನಡೆಯುವುದು ಹೆಚ್ಚುಕಮ್ಮಿ ಅದರ ಉಲ್ಟಾ.

ಮೊದಲು ಆ ಪ್ರಾಣಿಯ ಪರಿಚಯ. ಅದರ ಹೆಸರು ಸೂಟಿ ಮ್ಯಾಂಗಬಿ. ಸೂಟಿ ಅಂದರೆ ಮಸಿ ಬಣ್ಣದ್ದು. ನಮ್ಮ ಮುಸಿಯನಿಗೆ ಮಸಿ ಮುಖಕ್ಕೆ ಮಾತ್ರ, ಇದಕ್ಕೆ ಮೈಗೆಲ್ಲ ಹೊಗೆ ಹಿಡಿದ ಹಾಗೆ. ಕಣ್ಣಿನ ರೆಪ್ಪೆ ಬೆಳ್ಳಗಿರುತ್ತದೆ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್, ಲೈಬೀರಿಯಾ, ಸಿಯೆರಾ ಲಿಯೋನ್ ಕಾಡುಗಳಲ್ಲಿ ನೆಲದ ಮೇಲೆ ಓಡಾಡಿಕೊಂಡು, ಕಲ್ಲಿನಂಥ ಕಾಯಿಗಳನ್ನು ದವಡೆ ಹಲ್ಲಲ್ಲೇ ಒಡೆದು ತಿನ್ನುವ ಮಂಗ. ಐವರಿ ಕೋಸ್ಟಿನ ತಾಯ್ ಕಾಡಿನಲ್ಲಿ ಪರೀಕ್ಷೆ ಮಾಡಿದಾಗ ಸುಮಾರು ಅರ್ಧದಷ್ಟು ಮ್ಯಾಂಗಬಿಗಳಲ್ಲಿ ಎಸ್‌ಐವಿ ಸಿಕ್ಕಿತು. ಎಸ್‌ಐವಿ ಅಂದರೆ ಎಚ್‌ಐವಿಯ ಮಂಗ ರೂಪ. ಆಫ್ರಿಕಾದ 40ಕ್ಕೂ ಹೆಚ್ಚು ಜಾತಿಯ ಮಂಗ, ವಾನರಗಳಲ್ಲಿ ತಮ್ಮ ತಮ್ಮದೇ ಬಗೆಯ ಎಸ್‌ಐವಿ ಇವೆ. ಮನುಷ್ಯರ ಎಚ್‌ಐವಿ-2 ಬಂದಿದ್ದು ಈ ಮ್ಯಾಂಗಬಿಯಿಂದ. ಜಗತ್ತೆಲ್ಲ ಹಬ್ಬಿದ ಎಚ್‌ಐವಿ-1 ಬಂದಿದ್ದು ಚಿಂಪಾಂಜಿಯಿಂದ. ಬೇಟೆ, ಮಾಂಸ, ರಕ್ತ ತಾಗಿದ ಗಾಯ, ಹೀಗೆ ದಾಟಿ ಬಂದಿದೆ.

ಇದು ಗೊತ್ತಾದ ಕಥೆಯೇ ಒಂದು ಅವಾಂತರ. ಅಮೆರಿಕದ ಲೂಯಿಸಿಯಾನಾದ ಪ್ರೈಮೇಟ್ ಕೇಂದ್ರವೊಂದರಲ್ಲಿ (ಮಂಗ, ವಾನರಗಳ ಸಂಶೋಧನಾ ಕೇಂದ್ರ) ಕುಷ್ಠರೋಗದ ಸಂಶೋಧನೆ ನಡೆಯುತ್ತಿತ್ತು. ಅಲ್ಲಿದ್ದ ಒಂದು ಮ್ಯಾಂಗಬಿಗೆ ತಾನಾಗಿಯೇ ಕುಷ್ಠ ಬಂದಿತ್ತು. ಮ್ಯಾಂಗಬಿಯ ಅಂಗಾಂಶವನ್ನು ರೀಸಸ್ ಕೋತಿಗಳಿಗೆ ಚುಚ್ಚಿ, ಅವಕ್ಕೂ ಕುಷ್ಠ ಬರುತ್ತದಾ ಅಂತ ನೋಡಿದರು. ಕೆಲವು ರೀಸಸ್ ಕೋತಿಗಳು ಬೇರೆಯದೇ ರೀತಿಯಲ್ಲಿ ಕಾಯಿಲೆ ಬಿದ್ದವು. ಸೊರಗಿ, ಭೇದಿಯಾಗಿ, ಸಿಕ್ಕ ಸಿಕ್ಕ ಸೋಂಕೆಲ್ಲ ತಗುಲಿ ಸತ್ತವು. ಕುಷ್ಠದ ಜೊತೆ ಮ್ಯಾಂಗಬಿಯ ವೈರಸ್ಸೂ ದಾಟಿತ್ತು. 1985ರಲ್ಲಿ ಮ್ಯಾಸಚೂಸೆಟ್ಸಿನ ಸೌತ್‌ಬರೋದಲ್ಲಿದ್ದ ಇನ್ನೊಂದು ಪ್ರೈಮೇಟ್ ಕೇಂದ್ರದಲ್ಲಿ, ಕಾಯಿಲೆ ಬಿದ್ದ ರೀಸಸ್ ಕೋತಿಗಳಿಂದ ಇದೇ ಬಗೆಯ ವೈರಸ್ಸನ್ನು ಬೇರ್ಪಡಿಸಿದರು. ಆಮೇಲೆ ನೋಡಿದರೆ ಅದರ ಮೂಲವೂ ಮ್ಯಾಂಗಬಿಯೇ.

ಈ ರೀಸಸ್ ಕೋತಿ ಅಂದರೆ ಯಾರು ಗೊತ್ತಾ? ಉತ್ತರ ಭಾರತದ ದೇವಸ್ಥಾನ, ರೈಲ್ವೆ ಸ್ಟೇಷನ್ನಿನಲ್ಲಿ ಬಾಳೆಹಣ್ಣು ಕಿತ್ತುಕೊಂಡು ಓಡುತ್ತದಲ್ಲ, ಅದೇ ಕೆಂಪು ಮೂತಿಯದು. 1950ರ ದಶಕದಲ್ಲಿ ಪೋಲಿಯೋ ಲಸಿಕೆಯ ಕೆಲಸಕ್ಕೆಂದು ಭಾರತದಿಂದ ಲಕ್ಷಗಟ್ಟಲೆ ಕೋತಿಗಳನ್ನು ಹಡಗು, ವಿಮಾನಗಳಲ್ಲಿ ಕಳಿಸಿದ್ದೇವೆ. 1978ರಲ್ಲಿ ಸರ್ಕಾರ ರಫ್ತು ನಿಲ್ಲಿಸಿತು. ಆದರೆ ಆಗಲೇ ಹೋಗಿದ್ದವುಗಳ ಸಂತತಿ ಅಲ್ಲಿ ಬೆಳೆದಿತ್ತು. ಇವತ್ತಿಗೂ ಏಡ್ಸ್ ಸಂಶೋಧನೆಯ ಪ್ರಬಂಧ ತೆಗೆದರೆ ‘ಭಾರತೀಯ ಮೂಲದ ರೀಸಸ್’ ಅಂತಲೇ ಬರೆದಿರುತ್ತದೆ. ಓದುವಾಗಲೆಲ್ಲ ನನಗೆ ಒಂಥರಾ ಕಸಿವಿಸಿ. ಆ ಕೋತಿಗಳು ಸತ್ತು ನಮಗೆ ಔಷಧಿ ಸಿಕ್ಕಿದೆ, ಅದೂ ನಿಜವೇ.

ಸರಿ, ಈಗ ಒಗಟು ನೋಡಿ. ಒಂದೇ ವೈರಸ್. ಮ್ಯಾಂಗಬಿ ಮೈಯಲ್ಲಿದ್ದರೆ ಅದು ಮರಿ ಹಾಕಿಕೊಂಡು, ಮುದಿಯಾಗಿ ಸಾಯುತ್ತದೆ. ತೀರಾ ಅಪರೂಪಕ್ಕೆ, ಎಷ್ಟೋ ವರ್ಷ ಕಳೆದ ಮೇಲೆ ಒಂದಕ್ಕೆ ಕಾಯಿಲೆ ಬಂದರೆ ಬಂತು. ಅದೇ ವೈರಸ್ ರೀಸಸ್ ಕೋತಿಗೆ ಹೋದರೆ ಬಹುಪಾಲು ಒಂದೆರಡು ವರ್ಷದಲ್ಲಿ ಏಡ್ಸ್. ಹಾಗಾಗಿ ವೈರಸ್ ಸಾಧು ಅನ್ನುವ ವಾದ ಅಲ್ಲಿಗೇ ಬಿತ್ತು.

ಹಾಗಾದರೆ ಮ್ಯಾಂಗಬಿ ವೈರಸ್ಸನ್ನು ಹತೋಟಿಯಲ್ಲಿ ಇಟ್ಟಿರಬೇಕು ಅಲ್ವಾ? ಅಮೆರಿಕದ ಅಟ್ಲಾಂಟಾದಲ್ಲಿ ಎಮೊರಿ ವಿಶ್ವವಿದ್ಯಾಲಯದ ಪ್ರೈಮೇಟ್ ಕೇಂದ್ರವಿದೆ. ಮೊದಲು ಯರ್ಕೀಸ್ ಕೇಂದ್ರ ಅನ್ನುತ್ತಿದ್ದರು, 2022ರಲ್ಲಿ ಹೆಸರು ಬದಲಾಯಿತು. ಅಲ್ಲಿ ಮ್ಯಾಂಗಬಿಗಳ ದೊಡ್ಡ ಗುಂಪೇ ಇದೆ. ಇಟಲಿ ಮೂಲದ ಗೀಡೊ ಸಿಲ್ವೆಸ್ತ್ರಿ ಮತ್ತು ಸಂಗಡಿಗರು ಅವುಗಳ ರಕ್ತ ಪರೀಕ್ಷೆ ಮಾಡಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಮಿಲಿಲೀಟರ್ ರಕ್ತ ಅಂದರೆ ಸುಮಾರು ಇಪ್ಪತ್ತು ಹನಿ. ಅಷ್ಟರಲ್ಲಿ ಲಕ್ಷಗಟ್ಟಲೆ, ಕೆಲವದರಲ್ಲಿ ಹತ್ತು ಲಕ್ಷಕ್ಕೂ ಮೀರಿ ವೈರಸ್. ಔಷಧಿ ತೆಗೆದುಕೊಳ್ಳದ ಎಚ್‌ಐವಿ ರೋಗಿಯಲ್ಲೇ ಈ ಲೆಕ್ಕ ಸಾಮಾನ್ಯವಾಗಿ ಹತ್ತಾರು ಸಾವಿರದಲ್ಲಿ ಇರುತ್ತದೆ. ಆ ರಿಪೋರ್ಟ್ ಯಾವುದಾದರೂ ಆಸ್ಪತ್ರೆಯ ಡಾಕ್ಟರ ಮೇಜಿನ ಮೇಲೆ ಇಟ್ಟರೆ, ‘ಈ ರೋಗಿ ಇನ್ನೂ ನಡೆದಾಡುತ್ತಿದ್ದಾನಾ?’ ಅಂತ ಕೇಳುತ್ತಾರೆ. ಮ್ಯಾಂಗಬಿ ನಡೆದಾಡುವುದಷ್ಟೇ ಅಲ್ಲ, ಕಾಯಿ ಒಡೆದು ತಿನ್ನುತ್ತಾ ಕೂತಿರುತ್ತದೆ.

ವೈರಸ್ ಹೊಕ್ಕ ಕೋಶ ಅದರಲ್ಲೂ ಬದುಕುವುದಿಲ್ಲ, ಒಂದೆರಡು ದಿನದಲ್ಲಿ ಸಾಯುತ್ತದೆ, ಮನುಷ್ಯರಲ್ಲಿ ಆಗುವ ಹಾಗೇ. ಹಾಗಿದ್ದೂ ರಕ್ತದ ಸಿಡಿ4 ಟಿ ಕೋಶಗಳ ಲೆಕ್ಕ ಬಹುತೇಕ ಸರಿಯಾಗಿಯೇ ಇತ್ತು. ಇವು ಇಮ್ಯುನಿಟಿಯ ಮುಖ್ಯ ಬಿಳಿ ರಕ್ತಕಣಗಳು, ಏಡ್ಸಿನಲ್ಲಿ ಕುಸಿಯುವುದು ಇವೇ. ಇನ್ನೂ ವಿಚಿತ್ರ ಅಂದರೆ, ವೈರಸ್ ವಿರುದ್ಧ ಅದರ ಇಮ್ಯುನಿಟಿಯ ಹಾರಾಟ ರೀಸಸ್ ಕೋತಿಯದಕ್ಕಿಂತ ಕಮ್ಮಿ ಇತ್ತು. ಜಾಸ್ತಿ ಅಲ್ಲ, ಕಮ್ಮಿ.

ಇದನ್ನು ನಿಮ್ಮ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಮಂಗ ನುಗ್ಗಿದಾಗ ಗರ್ನಾಲು ಹೊಡೆಯುತ್ತೀರಿ. ಹೊಡೆಯಲೇಬೇಕು. ಆದರೆ ಮಂಗ ಹೋಗಲಿಲ್ಲ ಅಂತ ಹಗಲು ರಾತ್ರಿ, ವರ್ಷಗಟ್ಟಲೆ ಗರ್ನಾಲು ಹೊಡೆಯುತ್ತಲೇ ಇದ್ದರೆ? ಮಂಗ ತಿಂದು ಹಾಳು ಮಾಡುವುದಕ್ಕಿಂತ ಜಾಸ್ತಿ ತೋಟವನ್ನು ನೀವೇ ಸುಟ್ಟಿರುತ್ತೀರಿ. ಏಡ್ಸಿನಲ್ಲಿ ನಡೆಯುವುದು ಬಹುಮಟ್ಟಿಗೆ ಇದು. ವೈರಸ್ ನೇರವಾಗಿ ಕೊಲ್ಲುವ ಕೋಶ ಒಂದು ಪಾಲು. ಉಳಿದದ್ದು, ಸದಾ ಕೆರಳಿ ನಿಂತ ಇಮ್ಯುನಿಟಿಯ ಗಲಾಟೆಯಲ್ಲಿ ಸುಮ್ನೆ ಸಾಯುವ, ಸವೆದು ಹೋಗುವ ಕೋಶಗಳು. ಕೆರಳಿದ ಟಿ ಕೋಶದೊಳಗೆ ಎಚ್‌ಐವಿ ಇನ್ನೂ ಚೆನ್ನಾಗಿ ಬೆಳೆಯುತ್ತದೆ ಬೇರೆ. ಬೆಂಕಿಗೆ ತುಪ್ಪ ಹಾಕಿದ ಹಾಗೆ.

ಈ ತುಪ್ಪ ಎಲ್ಲಿಂದ ಬರುತ್ತದೆ ಅನ್ನುವುದು 2006ರಲ್ಲಿ ಗೊತ್ತಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೇನಿಯಲ್ ಡೂಯೆಕ್, ಜೇಸನ್ ಬ್ರೆಂಚ್ಲಿ ಅವರ ತಂಡದ ಕೆಲಸ. ಎಚ್‌ಐವಿ ಮೊದಲು ದಾಳಿ ಇಡುವುದು ಕರುಳಿನ ಗೋಡೆಯ ಟಿ ಕೋಶಗಳ ಮೇಲೆ. ಕರುಳಿನ ಒಳಗೆ ಕೋಟ್ಯಂತರ ಬ್ಯಾಕ್ಟೀರಿಯಾ, ಹೊರಗೆ ರಕ್ತ, ನಡುವೆ ಒಂದೇ ಸಾಲು ಕೋಶಗಳ ಬೇಲಿ. ಆ ಬೇಲಿ ಕಾಯುವ ಟಿಎಚ್17 ಅನ್ನುವ ಕೋಶಗಳು ಸತ್ತರೆ ಬೇಲಿಯಲ್ಲಿ ತೂತು. ಬ್ಯಾಕ್ಟೀರಿಯಾದ ಚೂರುಪಾರುಗಳು ರಕ್ತಕ್ಕೆ ಸೋರುತ್ತವೆ. ಇಮ್ಯುನಿಟಿ ಅದನ್ನು ಕಂಡು ಇನ್ನಷ್ಟು ಕೆರಳುತ್ತದೆ. ರೋಗಿಗಳ ರಕ್ತದಲ್ಲಿ, ರೀಸಸ್ ಕೋತಿಯ ರಕ್ತದಲ್ಲಿ ಈ ಸೋರಿಕೆ ಸ್ಪಷ್ಟವಾಗಿ ಕಂಡಿತು. ಮ್ಯಾಂಗಬಿಯಲ್ಲಿ ಸೋರಿಕೆಯೇ ಇರಲಿಲ್ಲ. ಅದರ ಕರುಳಲ್ಲೂ ಶುರುವಿನಲ್ಲಿ ಟಿ ಕೋಶಗಳು ಸಾಯುತ್ತವೆ. ಆದರೆ ಟಿಎಚ್17 ಉಳಿಯುತ್ತವೆ, ಬೇಲಿ ನಿಲ್ಲುತ್ತದೆ.

ಹಾಗಂತ ಮ್ಯಾಂಗಬಿ ಮೊದಲಿಂದಲೇ ಕೈಕಟ್ಟಿ ಕೂರುತ್ತದೆ ಅಂದುಕೊಳ್ಳಬೇಡಿ. ಇದು ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ. 2009ರಲ್ಲಿ ಎರಡು ತಂಡಗಳು ಒಟ್ಟೊಟ್ಟಿಗೆ ಪ್ರಕಟಿಸಿದವು. ಎಮೊರಿಯವರು ಮ್ಯಾಂಗಬಿಯಲ್ಲಿ ನೋಡಿದ್ದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಮಿಕೇಲಾ ಮುಲ್ಲರ್-ಟ್ರುಟ್ವಿನ್ ತಂಡದವರು ಆಫ್ರಿಕಾದ ಹಸಿರು ಮಂಗದಲ್ಲಿ ನೋಡಿದ್ದರು. ಅದಕ್ಕೂ ಎಸ್‌ಐವಿ ಇರುತ್ತದೆ, ಅದಕ್ಕೂ ಏಡ್ಸ್ ಬರುವುದಿಲ್ಲ. ಸೋಂಕು ತಗುಲಿದ ದಿನದಿಂದ ಲೆಕ್ಕ ಇಟ್ಟುಕೊಂಡು ರಕ್ತ ತೆಗೆದು, ಯಾವ ಜೀನ್ ಯಾವಾಗ ಏಳುತ್ತದೆ, ಯಾವಾಗ ಮಲಗುತ್ತದೆ ಅಂತ ನೋಡಿದರು. ವೈರಸ್ ಬಂದ ಕೂಡಲೇ ದೇಹ ಇಂಟರ್‌ಫೆರಾನ್ ಅನ್ನುವ ಎಚ್ಚರಿಕೆ ಬಿಡುಗಡೆ ಮಾಡುತ್ತದೆ, ಅದಕ್ಕೆ ನೂರಾರು ಜೀನುಗಳು ಏಳುತ್ತವೆ. ಮೊದಲ ಹತ್ತು ದಿನ ನೋಡಿದರೆ ಮ್ಯಾಂಗಬಿಗೂ ರೀಸಸ್ ಕೋತಿಗೂ ಏನೇನೂ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಒಂದೇ ಸಮ ಗರ್ನಾಲು ಹೊಡೆಯುತ್ತವೆ. ಆಮೇಲೆ ಕೆಲವೇ ವಾರದಲ್ಲಿ ಗ್ರಾಫಿನಲ್ಲಿ ಮ್ಯಾಂಗಬಿಯ ಗೆರೆ ಕೆಳಗಿಳಿದು ಮಾಮೂಲಿಗೆ ಬರುತ್ತದೆ. ವೈರಸ್ ಇದ್ದೇ ಇದೆ, ಆದರೂ ಇಳಿಯುತ್ತದೆ. ರೀಸಸ್ ಕೋತಿಯ ಗೆರೆ ಮೇಲೆಯೇ ನಿಂತುಬಿಡುತ್ತದೆ, ಸಾಯುವ ತನಕ.

ಶುರುವಿನ ಗರ್ನಾಲು ಬೇಕೇ ಬೇಕು ಅನ್ನುವುದಕ್ಕೂ ಸಾಕ್ಷಿ ಇದೆ. 2014ರಲ್ಲಿ ಡೂಯೆಕ್ ತಂಡ ಕೆಲವು ರೀಸಸ್ ಕೋತಿಗಳಲ್ಲಿ ಸೋಂಕಿನ ಮೊದಲ ದಿನಗಳ ಇಂಟರ್‌ಫೆರಾನನ್ನು ತಡೆದು ನೋಡಿತು. ಅವು ಇನ್ನೂ ಬೇಗ ಏಡ್ಸಿಗೆ ಬಿದ್ದವು. ಇನ್ನು ಕೆಲವಕ್ಕೆ ಹೊರಗಿನಿಂದ ಇಂಟರ್‌ಫೆರಾನ್ ಕೊಟ್ಟರು. ಮೊದಮೊದಲು ವೈರಸ್ ಹತ್ತಿಕೊಳ್ಳಲು ಕಷ್ಟಪಟ್ಟಿತು. ಕೊಡುತ್ತಲೇ ಹೋದಾಗ ದೇಹ ಅದಕ್ಕೆ ಕಿವಿಗೊಡುವುದನ್ನೇ ಬಿಟ್ಟಿತು, ಪರಿಸ್ಥಿತಿ ಕೆಟ್ಟಿತು. ಇಮ್ಯುನಿಟಿ ಹೆಚ್ಚಿಸುತ್ತೇವೆ ಅಂತ ಡಬ್ಬಿ ಡಬ್ಬಿ ಪುಡಿ ಮಾರುವವರನ್ನು ಕಂಡಾಗ ನನಗೆ ಈ ಪ್ರಯೋಗವೇ ನೆನಪಾಗುತ್ತದೆ. ಎಷ್ಟು ಹೆಚ್ಚಿಸಬೇಕು ಸ್ವಾಮಿ, ಯಾವಾಗ ನಿಲ್ಲಿಸಬೇಕು?

ಮ್ಯಾಂಗಬಿಯಲ್ಲಿ ಇನ್ನೂ ಕೆಲವು ಉಪಾಯಗಳಿವೆ. ಎಚ್‌ಐವಿ, ಎಸ್‌ಐವಿಗಳು ಕೋಶದೊಳಗೆ ನುಗ್ಗಲು ಸಿಸಿಆರ್5 ಅನ್ನುವ ಬಾಗಿಲು ಬಳಸುತ್ತವೆ. ಟಿ ಕೋಶಗಳಲ್ಲಿ ಬೀಜಕ್ಕೆ ಇಟ್ಟ ಭತ್ತದಂಥ ಒಂದು ಬಗೆ ಇದೆ, ಅದರಿಂದಲೇ ಮುಂದಿನ ಪೀಳಿಗೆಯ ಕೋಶಗಳು ಹುಟ್ಟಬೇಕು. ಮ್ಯಾಂಗಬಿಯ ಆ ಕೋಶಗಳ ಮೇಲೆ ಈ ಬಾಗಿಲು ಬಹಳ ಕಮ್ಮಿ ಅಂತ 2011ರಲ್ಲಿ ಎಮೊರಿಯ ಮಿರ್ಕೊ ಪಯಾರ್ಡಿನಿ ಮತ್ತು ಸಂಗಡಿಗರು ತೋರಿಸಿದರು. ವೈರಸ್ ಬೇಕಾದಷ್ಟು ಭತ್ತ ತಿನ್ನಲಿ, ಬಿತ್ತನೆ ಬೀಜ ಉಳಿದರೆ ಮತ್ತೆ ಗದ್ದೆ ನಾಟಬಹುದು. ಅದೇ ರೀತಿ ಮ್ಯಾಂಗಬಿಯಲ್ಲಿ ತಾಯಿಯಿಂದ ಮರಿಗೆ ವೈರಸ್ ಹೋಗುವುದೂ ಅಪರೂಪ. ಮರಿಗಳಲ್ಲಿ ಈ ಬಾಗಿಲಿರುವ ಕೋಶಗಳು ಇನ್ನೂ ಕಮ್ಮಿ. 2018ರಲ್ಲಿ ಮ್ಯಾಂಗಬಿಯ ಪೂರ್ತಿ ಜೀನೋಮ್ ಓದಿದಾಗ ಟಿಎಲ್‌ಆರ್4 ಅನ್ನುವ ಜೀನ್ ರೀಸಸ್ ಕೋತಿಯದಕ್ಕಿಂತ ಬೇರೆಯಾಗಿ ಮುಗಿಯುತ್ತದೆ ಅಂತ ಕಂಡಿತು. ಟಿಎಲ್‌ಆರ್4 ಕೆಲಸ ಏನು ಗೊತ್ತಾ? ಬ್ಯಾಕ್ಟೀರಿಯಾದ ಚೂರು ಕಂಡರೆ ಕೂಗು ಹಾಕುವುದು. ಮ್ಯಾಂಗಬಿಯಲ್ಲಿ ಆ ಕೂಗೇ ತಗ್ಗಿದ ದನಿಯದು. ಹಸಿರು ಮಂಗದ ದಾರಿ ಸ್ವಲ್ಪ ಬೇರೆ. ಅದರ ದುಗ್ಧರಸ ಗ್ರಂಥಿಗಳಲ್ಲಿ ವೈರಸ್ ಅಡಗಿ ಕೂರುವ ಮೂಲೆಗಳನ್ನು, ಸೋಂಕಿತ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳು ಕಾಯುತ್ತವೆ ಅಂತ ಪಾಶ್ಚರ್ ತಂಡ 2017ರಲ್ಲಿ ತೋರಿಸಿತು.

ಈಗ ನಿಮ್ಮ ಎರಡನೇ ಪ್ರಶ್ನೆ, ಇದನ್ನು ಮನುಷ್ಯರಿಗೆ ಕೊಡೋಕೆ ಆಗಲ್ವಾ. ಅದಕ್ಕೆ ಮೊದಲು ಮ್ಯಾಂಗಬಿಗೆ ಇದು ಎಲ್ಲಿಂದ ಸಿಕ್ಕಿತು ಅಂತ ನೋಡಬೇಕು. ಕ್ಯಾಮೆರೂನ್ ದೇಶದ ಎದುರು ಸಮುದ್ರದಲ್ಲಿ ಬಿಯೊಕೊ ಅನ್ನುವ ದ್ವೀಪ ಇದೆ. ಸುಮಾರು 10,000 ವರ್ಷದ ಹಿಂದೆ ಸಮುದ್ರ ಏರಿ ಅದು ಮುಖ್ಯ ನೆಲದಿಂದ ಬೇರೆಯಾಯಿತು, ಮಂಗಗಳೂ ಬೇರೆಯಾದವು. ಎರಡೂ ಕಡೆಯ ಮಂಗಗಳ ಎಸ್‌ಐವಿ ಹೋಲಿಸಿ ಮೈಕೆಲ್ ವೊರೊಬಿ ತಂಡ 2010ರಲ್ಲಿ ಲೆಕ್ಕ ಹಾಕಿತು. ಎಸ್‌ಐವಿಗೆ ಕಡಿಮೆಯೆಂದರೂ 32,000 ವರ್ಷ ವಯಸ್ಸು. ಅಷ್ಟು ಕಾಲದಲ್ಲಿ ಎಷ್ಟು ಮಂಗ ಸತ್ತಿರಬೇಕು, ಊಹಿಸಿಕೊಳ್ಳಿ. ಗಲಾಟೆ ನಿಲ್ಲಿಸಲು ಬಂದವು ಉಳಿದವು, ಬಾರದವು ಹೋದವು.

ಚಿಂಪಾಂಜಿ ಇನ್ನೂ ಆ ದಾರಿಯ ಆರಂಭದಲ್ಲಿದೆ. ಅದಕ್ಕೆ ಎಸ್‌ಐವಿ ಬಂದಿದ್ದು ಚಿಕ್ಕ ಮಂಗಗಳನ್ನು ಹಿಡಿದು ತಿಂದು. ಚಿಂಪಾಂಜಿಗೂ ಏನೂ ಆಗಲ್ಲ ಅಂತಲೇ ಬಹಳ ವರ್ಷ ನಂಬಿದ್ದರು. ಜೇನ್ ಗೂಡಾಲ್ ಕೆಲಸ ಮಾಡಿದ ಟಾಂಜಾನಿಯಾದ ಗೊಂಬೆ ಕಾಡಿನಲ್ಲಿ ಬಿಯಾಟ್ರಿಸ್ ಹಾನ್ ಅವರ ತಂಡ ಸೂಜಿ ಚುಚ್ಚದೆ, ಪ್ರಾಣಿಯನ್ನು ಮುಟ್ಟದೆ, ಮರದ ಕೆಳಗೆ ಬಿದ್ದ ಲದ್ದಿ ಹೆಕ್ಕಿ ಅದರಲ್ಲೇ ವೈರಸ್ ಹುಡುಕಿತು. ಯಾವ ಚಿಂಪಾಂಜಿಯ ಲದ್ದಿ ಅಂತ ಡಿಎನ್‌ಎ ನೋಡಿ ತಾಳೆ ಹಾಕಿದರು. ವರ್ಷಗಟ್ಟಲೆ ಹೀಗೆ ಲದ್ದಿ ಹೆಕ್ಕಿ 2009ರಲ್ಲಿ ಹೇಳಿದರು, ಸೋಂಕಿರುವ ಚಿಂಪಾಂಜಿಗಳು ಅದೇ ವಯಸ್ಸಿನ ಸೋಂಕಿಲ್ಲದವಕ್ಕಿಂತ ಸಾಯುವ ಸಾಧ್ಯತೆ 10ರಿಂದ 16 ಪಟ್ಟು ಜಾಸ್ತಿ ಅಂತ.

ಮನುಷ್ಯರಿಗೆ ಈ ವೈರಸ್ ಬಂದು ನೂರು ಚಿಲ್ಲರೆ ವರ್ಷ ಆಗಿದೆಯಷ್ಟೆ. ಮ್ಯಾಂಗಬಿ ಕಲಿತ ಹಾಗೆ ಕಲಿಯುತ್ತಾ ಕೂರುವ ಹಾಗಿಲ್ಲ, ಆ ಪಾಠದ ಫೀಸು ಹೆಣಗಳಲ್ಲಿ ಕಟ್ಟಬೇಕು. ಅದರ ರಕ್ತದಿಂದ ಒಂದು ಔಷಧಿ ಬಸಿದು ಕೊಡುವುದೂ ಸಾಧ್ಯವಿಲ್ಲ, ಯಾಕೆಂದರೆ ಅದರ ಹತ್ತಿರ ಇರುವುದು ಒಂದು ಮದ್ದಲ್ಲ, ಹತ್ತಾರು ಜೀನುಗಳ ಹೊಂದಾಣಿಕೆ. ಆದರೆ ಆ ಪಾಠ ದಂಡವಾಗಿಲ್ಲ. ಮಾತ್ರೆ ನುಂಗಿ ವೈರಸ್ ಹತೋಟಿಯಲ್ಲಿರುವ ಎಚ್‌ಐವಿ ರೋಗಿಗಳಲ್ಲೂ ಸಣ್ಣಗೆ ಉರಿಯುವ ಕೆರಳಿಕೆ ಉಳಿದಿರುತ್ತದೆ, ಹೃದಯದ ಕಾಯಿಲೆ ಬೇಗ ಬರುತ್ತದೆ. ಅದನ್ನು ಹೇಗೆ ತಣಿಸುವುದು ಅನ್ನುವ ಕೆಲಸಕ್ಕೆ ಮ್ಯಾಂಗಬಿಯೇ ನಕ್ಷೆ. ಇನ್ನು ಇಂದು ಎಚ್‌ಐವಿ ಬಾರದ ಹಾಗೆ ಮುಂಚೆಯೇ ತೆಗೆದುಕೊಳ್ಳುವ ಟೆನೊಫೊವಿರ್ ಮಾತ್ರೆ ಇದೆಯಲ್ಲ, ಆ ಔಷಧಿ ಸೋಂಕನ್ನು ತಡೆಯುತ್ತದೆ ಅಂತ 1995ರಲ್ಲಿ ಮೊದಲು ತೋರಿಸಿದ್ದು ಎಸ್‌ಐವಿ ಚುಚ್ಚಿದ ಕೋತಿಗಳಲ್ಲೇ.

ಈಗ ನಿಮ್ಮ ತೋಟಕ್ಕೆ ಬರೋಣ. ಮಂಗನ ಕಾಯಿಲೆಯದು ಎಸ್‌ಐವಿಗೆ ಸಂಬಂಧವೇ ಇಲ್ಲದ ವೈರಸ್, ಡೆಂಗಿ ಮತ್ತು ಹಳದಿ ಜ್ವರದ ವೈರಸ್ಸುಗಳ ನೆಂಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಕೋತಿಗಳು ಸಾಲಾಗಿ ಸತ್ತು, ಜನರಿಗೂ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಅವರಿಗಿದ್ದ ದೊಡ್ಡ ಹೆದರಿಕೆ, ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತಾ ಅಂತ. ಆ ಹೆದರಿಕೆಗೂ ಕಾರಣ ಮಂಗಗಳೇ. ಹಳದಿ ಜ್ವರ ಆಫ್ರಿಕಾದ ಮಂಗಗಳಿಗೆ ಏನೂ ಮಾಡುವುದಿಲ್ಲ, ಹಳೆಯ ಪರಿಚಯ. ಗುಲಾಮರನ್ನು ಸಾಗಿಸಿದ ಹಡಗುಗಳಲ್ಲಿ ಅದು ದಕ್ಷಿಣ ಅಮೆರಿಕಕ್ಕೆ ಹೋಯಿತು. ಅಲ್ಲಿನ ಹೌಲರ್ ಮಂಗಗಳಿಗೆ ಅದು ಹೊಸದು. ಬ್ರೆಜಿಲ್ಲಿನಲ್ಲಿ 2016ರ ಕೊನೆಯಿಂದ 2018ರವರೆಗೆ ಅವು ಸಾವಿರಗಟ್ಟಲೆ ಸತ್ತವು.

ಪುಣೆಯವರಿಗೆ ಸಿಕ್ಕಿದ್ದು ಹಳದಿ ಜ್ವರವಲ್ಲ, ಹೊಸ ವೈರಸ್. ಅದರ ಮನೆ ಮಂಗವಲ್ಲ. ಉಣುಗು (ರಕ್ತ ಹೀರುವ ಉಣ್ಣೆ) ಮತ್ತು ಕಾಡಿನ ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳ ನಡುವೆ ಅದು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಮಂಗ ನೆಲಕ್ಕಿಳಿದಾಗ ಉಣುಗು ಹತ್ತಿ, ರಕ್ತದಲ್ಲಿ ವೈರಸ್ ಏರಿ, ಅದು ಸಾಯುತ್ತದೆ. ಮುಸಿಯಗಳೇ ಜಾಸ್ತಿ ಸಾಯುವುದು. ಹೆಣ ತಣ್ಣಗಾದ ಮೇಲೆ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಸತ್ತ ಮಂಗ ಕಂಡಲ್ಲಿ ಸುತ್ತಲೂ ಸುಮಾರು 50 ಮೀಟರ್ ದೂರದವರೆಗೆ ಔಷಧಿ ಹೊಡೆಯುವುದು ಇದಕ್ಕೇ. ಹಾಗಾಗಿ ಮಂಗ ಕಾಯಿಲೆ ತರುವ ಕಳ್ಳ ಅಲ್ಲ, ನಿಮ್ಮ ಹಾಗೆ ಅದೂ ಸಿಕ್ಕಿಬಿದ್ದದ್ದು. ಅದು ಸತ್ತು ನಿಮಗೆ ಮುನ್ಸೂಚನೆ ಕೊಡುತ್ತದೆ. ಹೆಣ ಮುಟ್ಟಬೇಡಿ, ದಾಟಿ ಹೋಗಬೇಡಿ, ನಾಯಿಯನ್ನು ಆ ಕಡೆ ಬಿಡಬೇಡಿ, ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ಫೋನ್ ಮಾಡಿ. ದರಕು (ಒಣಗಿದ ಎಲೆ) ಗುಡಿಸಲು ಕಾಡಿಗೆ ಹೋಗುವವರು, ಉಣುಗು ಹತ್ತದ ಹಾಗೆ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಲಿ. ಬಂದ ಮೇಲೆ ಬಿಸಿನೀರು ಸ್ನಾನ, ಆ ಬಟ್ಟೆಯೂ ಬಿಸಿನೀರಿಗೆ.

ಕೊನೆಯದು, ಮಂಗ ಕಚ್ಚಿದರೆ ಏಡ್ಸ್ ಬರುತ್ತದಾ. ಬರುವುದಿಲ್ಲ. ಎಸ್‌ಐವಿ ಇರುವುದು ಆಫ್ರಿಕಾದ ಮಂಗಗಳಲ್ಲಿ. ನಮ್ಮ ಕೋತಿ, ಮುಸಿಯ, ಸಿಂಗಳೀಕ ಯಾವುದರಲ್ಲೂ ಅದು ಇಲ್ಲ. ಆದರೆ ಕಚ್ಚಿದ ಜಾಗವನ್ನು ಹದಿನೈದು ನಿಮಿಷ ಸೋಪು ಹಾಕಿ ನಲ್ಲಿ ನೀರಿನ ಕೆಳಗೆ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ರೇಬಿಸ್ ಚುಚ್ಚುಮದ್ದು, ಧನುರ್ವಾಯುವಿನ ಚುಚ್ಚುಮದ್ದು ಎರಡೂ ಹಾಕಿಸಿಕೊಳ್ಳಿ. ಅರಿಶಿನ ಮೆತ್ತಿಕೊಂಡು ಮನೆಯಲ್ಲಿ ಕೂರಬೇಡಿ.